ಓಟಿಪಿ ಹೇಳದಿದ್ದರೂ ಖಾತೆಯಿಂದ ಹಣ ಹೋಗಿದೆ: ಬೆರಳಚ್ಚು ಸೋರಿಕೆಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ತೋಟದಮನೆ

ಸುಳ್ಯ ತಾಲ್ಲೂಕಿನಲ್ಲಿರುವ ನಮ್ಮ ತಂದೆಯವರ ಉಳಿತಾಯ ಖಾತೆಯಿಂದ ಮೊನ್ನೆ ಮತ್ತು ನಿನ್ನೆ ತಲಾ 10,000 ರೂಪಾಯಿ ಕಡಿತವಾಗಿದೆ. ಅವರಿಗೆ 71 ವರ್ಷ. ಎಟಿಎಂ ಕಾರ್ಡನ್ನು ಅವರು ಪಡೆದೇ ಇಲ್ಲ, ಮೊಬೈಲಿನಲ್ಲಿ ಹಣ ಕಳುಹಿಸುವ ಯಾವ ಆ್ಯಪ್ ಕೂಡ ಇಲ್ಲ, ಯಾರಿಗೂ ಓಟಿಪಿ ಹೇಳಿಲ್ಲ. ಇಂಗ್ಲಿಷಿನಲ್ಲಿ ಬಂದಿದ್ದ ಸಂದೇಶಗಳನ್ನು ನಿನ್ನೆ ರಾತ್ರಿ ತಂಗಿ ಓದಿ ಹೇಳಿದಾಗಲೇ ವಿಷಯ ತಿಳಿಯಿತು. ಅವುಗಳಲ್ಲಿ ‘ಎಇಪಿಎಸ್’ ಎಂಬ ಪದವಿದೆ. ಇಂದು ಬೆಳಿಗ್ಗೆ ಶಾಖೆಯಲ್ಲಿ ವಿಚಾರಿಸಿದರೆ, ಹೆಬ್ಬೆಟ್ಟು ಒತ್ತಿಯೇ ಹಣ ತೆಗೆಯಲಾಗಿದೆ, ಆದ್ದರಿಂದ ನಾವೇನೂ ಮಾಡಲಾಗದು ಎಂದು ಹೇಳಿ ಕಳುಹಿಸಿದರು. ತಂದೆಯವರು ಆ ಎರಡೂ ದಿನ ತೋಟ ಬಿಟ್ಟು ಎಲ್ಲಿಗೂ ಹೋಗಿಲ್ಲ.

ಕಳೆದ ವರ್ಷ ನಮ್ಮ ಕುಟುಂಬದ ವಿಭಾಗಪತ್ರ ನೋಂದಣಿಯಾಗಿತ್ತು. ಸಿಮ್ ಕೊಳ್ಳುವಾಗಲೂ ಸಾಲಕ್ಕೆ ಅರ್ಜಿ ಹಾಕುವಾಗಲೂ ಆಧಾರ್ ಪ್ರತಿ ಕೊಟ್ಟದ್ದುಂಟು. ಮಾಹಿತಿ ಎಲ್ಲಿಂದ ಹೊರಬಿತ್ತು ಎಂದು ತಿಳಿಯುವ ದಾರಿ ಇದೆಯೇ? ಈಗ ಮೊದಲು ಏನು ಮಾಡಬೇಕು? ಜೀವನವಿಡೀ ಪೈಸೆ ಪೈಸೆಗೆ ಲೆಕ್ಕ ಬರೆದಿಟ್ಟವರು ಈಗ ತಾನೇ ಎಲ್ಲೋ ತಪ್ಪಿದೆನೇನೋ ಎಂದು ಕೊರಗುತ್ತಿದ್ದಾರೆ, ಅದನ್ನು ನೋಡಲಾಗುತ್ತಿಲ್ಲ.

ಉತ್ತರ: ನಿವೃತ್ತ ಬ್ಯಾಂಕ್ ನೌಕರ

ಮೊದಲಿಗೆ, ತಂದೆಯವರು ಯಾವ ತಪ್ಪನ್ನೂ ಮಾಡಿಲ್ಲವೆಂದು ಅವರಿಗೆ ದಯವಿಟ್ಟು ತಿಳಿಸಿ. ಎಇಪಿಎಸ್ ಎಂದರೆ ಬ್ಯಾಂಕ್ ಮಿತ್ರರ (ಊರುಗಳಲ್ಲಿ ಬ್ಯಾಂಕಿನ ಪರವಾಗಿ ಸೇವೆ ಕೊಡುವ ಪ್ರತಿನಿಧಿಗಳ) ಬಳಿಯಿರುವ ಸಣ್ಣ ಯಂತ್ರದಲ್ಲಿ ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ. ಅದಕ್ಕೆ ಬೇಕಾದದ್ದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಮಾತ್ರ. ಓಟಿಪಿಯಾಗಲಿ ಪಿನ್ ಆಗಲಿ ಬೇಕಿಲ್ಲ. ಒಂದು ಬಾರಿಗೆ ಹೆಚ್ಚೆಂದರೆ 10,000 ರೂಪಾಯಿ ತೆಗೆಯಬಹುದು, ನಿಮ್ಮಲ್ಲಿ ಕಡಿತವಾದ ಮೊತ್ತವೂ ಅಷ್ಟೇ ಇರುವುದನ್ನು ಗಮನಿಸಿ.

ಸೋರಿಕೆಯ ಮೂಲವನ್ನು ಆಮೇಲೆ ಹುಡುಕೋಣ, ಏಕೆಂದರೆ ಕಳ್ಳರು ನಾಳೆ ಮತ್ತೆ ಬರಬಹುದು. ಇಂದೇ ಮೈಆಧಾರ್ ಜಾಲತಾಣದಲ್ಲಿ ಅಥವಾ ಎಂಆಧಾರ್ ಆ್ಯಪ್‌ನಲ್ಲಿ ತಂದೆಯವರ ಬಯೋಮೆಟ್ರಿಕ್ ಲಾಕ್ ಮಾಡಿಸಿ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಕೈಯಲ್ಲಿರಬೇಕು. ಲಾಕ್ ಆದ ಮೇಲೆ ಅವರ ಬೆರಳಚ್ಚು ಯಾವ ಯಂತ್ರದಲ್ಲೂ ನಡೆಯುವುದಿಲ್ಲ. ಬಳಿಕ 1930ಕ್ಕೆ ಕರೆ ಮಾಡಿ ಸೈಬರ್ ಅಪರಾಧದ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಶಾಖೆಯವರ ಬಾಯಿಮಾತನ್ನು ಕೇಳಿ ಹಿಂದಿರುಗಬೇಡಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ಅಲ್ಲದ, ಮೂರನೆಯವರ ಕಡೆಯ ಲೋಪದಿಂದ ಹಣ ಹೋಗಿದ್ದು, ಸಂದೇಶ ಬಂದ ದಿನವನ್ನು ಬಿಟ್ಟು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಇರುವುದಿಲ್ಲ. ತಿಳಿಸಿದ 10 ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು. 4ರಿಂದ 7 ಕೆಲಸದ ದಿನಗಳಾದರೆ ಗ್ರಾಹಕರೂ ಒಂದು ಮಿತಿಯವರೆಗೆ ನಷ್ಟ ಹೊರಬೇಕಾಗುತ್ತದೆ. ತಪ್ಪು ಗ್ರಾಹಕರದೇ ಎಂದು ಸಾಬೀತುಪಡಿಸುವ ಭಾರವೂ ಬ್ಯಾಂಕಿನದೇ. ಆದ್ದರಿಂದ ನಾಳೆಯೇ ಬರಹದಲ್ಲಿ ದೂರು ಕೊಟ್ಟು, ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಅದೇ ಪತ್ರದಲ್ಲಿ ಎಇಪಿಎಸ್ ಸೌಲಭ್ಯವನ್ನು ನಿಲ್ಲಿಸುವಂತೆಯೂ ಕೋರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ನಾನು ಕೌಂಟರಿನ ಒಳಗೆ ಕುಳಿತಿದ್ದವನು. ಮೊಹರಿರುವ ಕಾಗದಕ್ಕೂ ಬಾಯಿಮಾತಿನ ದೂರಿಗೂ ಸಿಗುವ ಗಮನದಲ್ಲಿ ಎಷ್ಟು ವ್ಯತ್ಯಾಸವಿದೆಯೆಂದು ಕಣ್ಣಾರೆ ಕಂಡಿದ್ದೇನೆ.

ಉತ್ತರ: ಸಂಜೆಮಲ್ಲಿಗೆ

ಮೇಲಿನ ಉತ್ತರಕ್ಕೆ ಪೂರಕವಾಗಿ, ಪ್ರಶ್ನೆಯ ಮೊದಲ ಭಾಗದ ಬಗ್ಗೆ ಬರೆಯುತ್ತೇನೆ. ಮೈಆಧಾರ್ ಜಾಲತಾಣದಲ್ಲೇ ದೃಢೀಕರಣದ ಇತಿಹಾಸ ಸಿಗುತ್ತದೆ. ಕಳೆದ 6 ತಿಂಗಳಲ್ಲಿ ಆಧಾರ್ ಯಾವಾಗ, ಯಾವ ಸಂಸ್ಥೆಯ ಮೂಲಕ, ಬೆರಳಚ್ಚಿನಿಂದಲೋ ಓಟಿಪಿಯಿಂದಲೋ ಬಳಕೆಯಾಯಿತು, ಅದು ಯಶಸ್ವಿಯಾಯಿತೇ ವಿಫಲವಾಯಿತೇ ಎಂಬುದು ಅದರಲ್ಲಿರುತ್ತದೆ. ಅದನ್ನು ಮುದ್ರಿಸಿ ದೂರಿಗೆ ಲಗತ್ತಿಸಿ. ಕಳ್ಳತನ ಎಲ್ಲಿಂದ ಆಯಿತೆಂದು ಅದು ಹೇಳದು, ಆದರೆ ನಡೆದ ಗಳಿಗೆಯನ್ನು ಹೇಳುತ್ತದೆ.

ವಿಭಾಗಪತ್ರದ ಬಗೆಗಿನ ನಿಮ್ಮ ಅನುಮಾನ ಆಧಾರವಿಲ್ಲದ್ದಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರು ಇದೇ ರೀತಿ ಹಣ ಕಳೆದುಕೊಂಡಿದ್ದರು. ನೋಂದಾಯಿತ ದಾಖಲೆಗಳ ಪ್ರತಿಯಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಬಳಸಿ ಸಿಲಿಕೋನ್‌ನಂತಹ ವಸ್ತುವಿನಲ್ಲಿ ನಕಲಿ ಬೆರಳಚ್ಚು ತಯಾರಿಸುವ ವಿಧಾನ ಆಗ ಬೆಳಕಿಗೆ ಬಂದಿತು. ನಿಮ್ಮಲ್ಲೂ ಹಾಗೆಯೇ ಆಗಿದೆಯೆಂದು ಖಚಿತವಾಗಿ ಹೇಳುವಂತಿಲ್ಲ. ಆದರೆ ಒಂದು ಮಾತು ಮುಖ್ಯ: ದಾಖಲೆಯೇ ಹೊರಬಿದ್ದಿದ್ದರೆ ಅದರಲ್ಲಿ ಹೆಬ್ಬೆಟ್ಟು ಒತ್ತಿದ ಎಲ್ಲರಿಗೂ ಅಪಾಯವಿದೆ. ಪಾಸ್‌ವರ್ಡನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಆದ್ದರಿಂದ ತಾಯಿ, ತಂಗಿ, ಚಿಕ್ಕಪ್ಪಂದಿರು ಎಲ್ಲರೂ ಲಾಕ್ ಮಾಡಿಸಿಕೊಳ್ಳಲಿ.

ಇಮೇಲ್ ಸೋರಿಕೆಯನ್ನು ನೋಡಲು ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ಉಚಿತ ಜಾಲತಾಣವಿದೆ, ತಮ್ಮಂಥವರಿಗೆ ಅದು ಉಪಯುಕ್ತ. ಆದರೆ ಆಧಾರ್ ಅಥವಾ ಬೆರಳಚ್ಚಿನ ಬಗ್ಗೆ ಅದರಲ್ಲಿ ಉತ್ತರ ಸಿಗದು, ಮತ್ತು ಆಧಾರ್ ಸಂಖ್ಯೆ ಹಾಕಿ ಸೋರಿಕೆ ಪರೀಕ್ಷಿಸಿ ಎನ್ನುವ ಯಾವ ಜಾಲತಾಣವನ್ನೂ ನಂಬಬೇಡಿ. ತಂದೆಯವರ ಹೆಸರಿನಲ್ಲಿ ಬೇರೆ ಸಿಮ್‌ಗಳಿವೆಯೇ ಎಂದು ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಿ. ಅವರ ಪಾನ್ ಮೇಲೆ ಯಾರಾದರೂ ಸಾಲ ತೆಗೆದಿದ್ದಾರೆಯೇ ಎಂಬುದು ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯಲ್ಲಿ ತಿಳಿಯುತ್ತದೆ.

ಮರುಪ್ರಶ್ನೆ: ತೋಟದಮನೆ (ಎರಡು ದಿನಗಳ ನಂತರ)

ಇಬ್ಬರಿಗೂ ಕೃತಜ್ಞತೆಗಳು. ಅಂದು ರಾತ್ರಿಯೇ ಲಾಕ್ ಮಾಡಿಸಿದೆವು, ಮರುದಿನ ಮೊಹರು ಸಹಿತ ದೂರು ಕೊಟ್ಟೆವು. ಇತಿಹಾಸ ತೆಗೆದು ನೋಡಿದಾಗ, ಹಣ ಹೋದ ಎರಡೂ ದಿನ ಬೆಳಿಗ್ಗೆ ಬೆರಳಚ್ಚಿನ ದೃಢೀಕರಣ ಯಶಸ್ವಿಯಾಗಿತ್ತು. ಲಾಕ್ ಆದ ಮರುದಿನ ಅದೇ ಸಂಸ್ಥೆಯ ಮೂಲಕ ಮತ್ತೊಂದು ಪ್ರಯತ್ನ ನಡೆದು ವಿಫಲವಾಗಿತ್ತು. ಅದನ್ನು ಓದಿ ಹೇಳಿದಾಗ ತಂದೆಯವರು ಮೊದಲ ಬಾರಿಗೆ ನೆಮ್ಮದಿಯಿಂದ ಉಸಿರು ಬಿಟ್ಟರು. ಈಗಿನ ಚಿಂತೆ ಪಡಿತರದ್ದು: ನ್ಯಾಯಬೆಲೆ ಅಂಗಡಿಯಲ್ಲಿ ಅವರೇ ಹೆಬ್ಬೆಟ್ಟು ಕೊಡುತ್ತಿದ್ದರು. ಲಾಕ್ ತೆಗೆದುಬಿಡಬೇಕೇ?

ಉತ್ತರ: ಸಂಜೆಮಲ್ಲಿಗೆ

ತೆಗೆಯಬೇಡಿ. ಅಂಗಡಿಯ ಮುಂದೆ ನಿಂತು ಎಂಆಧಾರ್‌ನಲ್ಲಿ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿದರೆ 10 ನಿಮಿಷ ಬೆರಳಚ್ಚು ನಡೆಯುತ್ತದೆ, ಆಮೇಲೆ ತಾನಾಗಿ ಮತ್ತೆ ಲಾಕ್ ಆಗುತ್ತದೆ. ಸರದಿ ಹತ್ತಿರ ಬಂದ ಮೇಲೆಯೇ ಅನ್‌ಲಾಕ್ ಮಾಡುವಂತೆ ತಂಗಿಗೆ ಹೇಳಿ. ಓಟಿಪಿ ಮೂಲಕ ನಡೆಯುವ ಆಧಾರ್ ಸೇವೆಗಳಿಗೆ ಈ ಲಾಕ್‌ನಿಂದ ಅಡ್ಡಿಯಿಲ್ಲ. ವಿಫಲವಾದ ಆ ಪ್ರಯತ್ನದ ವಿವರವನ್ನೂ ಮುದ್ರಿಸಿ ಬ್ಯಾಂಕಿಗೂ ಠಾಣೆಗೂ ಕೊಡಿ. ಮತ್ತು ಚಿಕ್ಕಪ್ಪಂದಿರು ಲಾಕ್ ಮಾಡಿಸಿಕೊಂಡರೇ ಎಂದು ಇನ್ನೊಮ್ಮೆ ಕೇಳಿ ನೋಡಿ.