ಫೈನಲ್‌ಗೆ ನೇರ ಹಾರಬೇಡಿ

ಚೇತನ್: (ಫಾರ್ವರ್ಡ್) "ಜಪಾನಿ ಅನಿಮೆ ಫ್ರೂಟ್ಸ್ ಬಾಸ್ಕೆಟ್ ನೋಡೋ ಕ್ರಮ: ಮೊದಲು 2001ರ ಸೀರೀಸ್, 26 ಎಪಿಸೋಡ್. ಆಮೇಲೆ ಪ್ರೆಲ್ಯೂಡ್ ಸಿನಿಮಾ. ಕೊನೆಗೆ ದಿ ಫೈನಲ್, 13 ಎಪಿಸೋಡ್." ಅನುಷಾ, ನೀನು ಕೇಳಿದ್ದೆಯಲ್ಲ, ತಗೋ.

ರಮ್ಯಾ: ಅನು, ಅದನ್ನ ನಂಬ್ಕೊಂಡು ಕೂತ್ಕೋಬೇಡ ಕಣೇ. ಮೂರರಲ್ಲಿ ಎರಡು ತಪ್ಪು.

ಚೇತನ್: ಕಥೆ ಒಂದೇ ತಾನೇ? ಒಂದು ಮನೆತನದ ಶಾಪ, ಅಪ್ಪಿಕೊಂಡ್ರೆ ಪ್ರಾಣಿ ಆಗ್ತಾರೆ, ಕೊನೆಗೆ ಶಾಪ ಹೋಗುತ್ತೆ.

ರಮ್ಯಾ: ಒಂದೇ ಅಲ್ಲ. 2001ರಲ್ಲಿ ಮೂಲ ಕಾಮಿಕ್ಸ್, ಅಂದ್ರೆ ಮಾಂಗಾ, ಇನ್ನೂ ನಡೀತಿತ್ತು, ಮುಗಿದಿದ್ದು 2006ಕ್ಕೆ. ಅದಕ್ಕೇ ಹಳೇದು ಬೆಕ್ಕಿನ ಶಾಪದ ಹುಡುಗ ಕ್ಯೋನ ಕೈಯ ಮಣಿಸರ ಬಿಚ್ಚಿ ನಿಜರೂಪ ಹೊರಬರೋ ಹೊತ್ತಿಗೇ ನಿಂತುಬಿಡುತ್ತೆ. 2019ರ ಹೊಸದು ಅಷ್ಟೇ ದೂರ ಬರೋದು ಬರೀ ಮೊದಲ ಸೀಸನ್ನಿನ 25 ಎಪಿಸೋಡ್‌ನಲ್ಲಿ. ಅಲ್ಲಿಂದ ನೇರ ಫೈನಲ್‌ಗೆ ಹಾರಿದ್ರೆ 2020ರ 25 ಎಪಿಸೋಡ್ ಪೂರ್ತಿ ಮಾಯ. ಅದೇ ಶಾಪದ ಕುರೆನೋ, ರಿನ್ ಇಬ್ರೂ 2001ರಲ್ಲಿ ಇಲ್ವೇ ಇಲ್ಲ. ಫೈನಲ್ ಶುರುವಾದ್ರೆ "ಇವರ್ಯಾರು?" ಅಂತ ಕೂರ್ತಾಳೆ.

ಬಸವರಾಜ: ಮುಖ್ಯದ್ದು ಬಿಟ್ಟಿ ನೋಡು. ಹಳೇದ್ರಾಗ ಮನೆತನದ ಯಜಮಾನ ಆಕಿತೋ ಗಂಡಸು. ಹೊಸದ್ರಾಗ

ರಮ್ಯಾ: ಬಸ್ಯಾ!! ಅನು ಇದ್ದಾಳೆ!

ಬಸವರಾಜ: ಅರ್ಧಕ್ಕ ನಿಲ್ಲಿಸೇನಲ್ಲ.

ಅನುಷಾ: 😐 ಓದಿದೆ.

ಚೇತನ್: ಸರಿ, 2001 ತೆಗೀರಿ. ಸಿನಿಮಾ ಮೊದಲು ನೋಡಿದ್ರೆ ಏನಾಗುತ್ತೆ? ಹೆಸರೇ ಪ್ರೆಲ್ಯೂಡ್, ಅಂದ್ರೆ ಮುನ್ನುಡಿ.

ರಮ್ಯಾ: ಹೆಸರು ನೋಡೇ ಎಲ್ರೂ ಮೋಸ ಹೋಗೋದು. ಬಂದಿದ್ದು 2022ರ ಫೆಬ್ರವರಿ, ಫೈನಲ್ ಮುಗಿದ ಮೇಲೆ. ಶುರುವಿನಲ್ಲೇ ಹಿಂದಿನದೆಲ್ಲ ಒಟ್ಟು ಮಾಡಿ ತೋರಿಸ್ತಾರೆ, ನಾಯಕಿ ತೋಹ್ರು ಅಮ್ಮ ಸತ್ತ ಅಪಘಾತದ ಬಗ್ಗೆ ಕ್ಯೋ ಬಚ್ಚಿಟ್ಕೊಂಡಿರೋ ವಿಷಯವೂ ಸೇರಿ. ಆಮೇಲೆ ತೋಹ್ರು ಅಮ್ಮ ಕ್ಯೋಕೋ, ಅಪ್ಪ ಕಾತ್ಸುಯಾ ಕಥೆ. ಕೊನೆಗೆ ಮೂಲ ಲೇಖಕಿ ನಾತ್ಸುಕಿ ತಕಾಯಾ ಹೊಸದಾಗಿ ಬರೆದ ಪುಟ್ಟ ಭಾಗ. ಮೊದಲೇ ನೋಡಿದ್ರೆ ಫೈನಲ್‌ನಲ್ಲಿ ಕ್ಯೋ ಬಾಯಿ ಬಿಡೋ ಘಳಿಗೆ ಸಪ್ಪೆ.

ಬಸವರಾಜ: ಆ ಕಥಿ ಸಿನಿಮಾಕ್ಕ ಯಾಕ ಹೋತು? ಟಿವಿಯೊಳಗ ಜಾಗಾ ಇರ್ಲಿಲ್ಲ, ಅದಕ್ಕ ಅಂತ ನನಗ ಅನಸ್ತದ. ಮಾಂಗಾ 136 ಅಧ್ಯಾಯ, ಹೊಸ ಅನಿಮೆ ಒಟ್ಟು 63 ಎಪಿಸೋಡ್. ಸರಾಸರಿ ಒಂದಕ್ಕ ಎರಡರ ಮ್ಯಾಲ ಚೂರು. ಫೈನಲ್‌ದಾಗ ಅದು ಹತ್ರಹತ್ರ ಮೂರು ಆಗ್ತದ. 13ರ ಬದ್ಲಿ 25 ಕೊಟ್ಟಿದ್ರ ಏನು ಗಂಟು ಹೋಗ್ತಿತ್ತು?

ಚೇತನ್: ಬೋರ್ ಆಗ್ತಿತ್ತು ಗುರು. 13 ಸಾಕು.

ಬಸವರಾಜ: ಸಾಕು ಅಂದ್ರ ಕೊಮಾಕಿ ಎಲ್ಲಿ ಹೋದ್ಲು? ಶಾಲಿ ವಿದ್ಯಾರ್ಥಿ ಸಂಘದ ಕಾಕೇರು ಪ್ರೀತಿ ಮಾಡೋ ಹುಡುಗಿ. ಆಕಿ ಅಪ್ಪನೂ ಕ್ಯೋಕೋ ಸತ್ತ ಅದೇ ಅಪಘಾತದಾಗ ಸತ್ತಾನ. ಮಾಂಗಾದಾಗ ಕಾಕೇರು ಇದನ್ನ ಹಿಡಕೊಂಡು ತೋಹ್ರು ಮ್ಯಾಲ ಹರಿಹಾಯ್ತಾನ. ನಗಿಸೋ ಹುಡುಗ ಅಷ್ಟೇ ಅಲ್ಲ ಅವ ಅಂತ ಅಲ್ಲೇ ಗೊತ್ತಾಗೂದು. ಅನಿಮೆದಾಗ ಕತ್ತರಿ.

ರಮ್ಯಾ: ಅದು ಒಪ್ತೀನಿ. ಅದೇ ಸಂಘದ ಹುಡುಗಿ ಮಾಚಿಗೂ ಇನ್ನೆರಡು ಎಪಿಸೋಡ್ ಬೇಕಿತ್ತು. ಆದ್ರೆ ಶಾಪದ ಎಳೆ ಅವಸರದಲ್ಲೂ ಹರಿದಿಲ್ಲ. "ತೋಹ್ರು ಬಂದ್ಲು, ಪ್ರೀತಿಯಿಂದ ಶಾಪ ಹೋಯ್ತು" ಅಂತ ಬರೆಯೋರು ಸರಿಯಾಗಿ ನೋಡಿಲ್ಲ. ಕುರೆನೋದು ಅವಳು ಬರೋ ವರ್ಷಗಳ ಮುಂಚೆಯೇ ಕಳಚಿತ್ತು. ಶಾಪದ ಗಂಟು ತಾನೇ ಸಡಿಲಾಗ್ತಾ ಬಂದಿತ್ತು. ತೋಹ್ರು ಮಾಡಿದ್ದು ಬೇರೆ: ಹಿಡಿದುಕೊಂಡಿದ್ದ ಆಕಿತೋ ಕೈಗೆ ಬಿಡೋ ಧೈರ್ಯ ಕೊಟ್ಲು.

ಚೇತನ್: ಆಕಿತೋನ ಅಷ್ಟು ಸುಲಭಕ್ಕೆ ಕ್ಷಮಿಸಿಬಿಟ್ರಲ್ಲ, ಅದಕ್ಕೇನಂತೀಯ? ರಿನ್‌ನ ಬೆಕ್ಕಿನ ಶಾಪದವರನ್ನ ಕೂಡಿಹಾಕೋ ಕೋಣೆಗೆ ಹಾಕಿ ಬೀಗ ಜಡಿದಿದ್ದು ಮರೆತೋಯ್ತಾ?

ರಮ್ಯಾ: ಯಾರು ಕ್ಷಮಿಸಿದ್ರು? "ಕ್ಷಮಿಸಿದೆ" ಅನ್ನೋ ಮಾತು ರಿನ್ ಬಾಯಲ್ಲಿ ಬರಲ್ಲ. ಆಕಿತೋ ಕೈಲಿ ಚಾಕು ಇರಿತ ತಿಂದ ಕುರೆನೋ ಊರೇ ಬಿಡ್ತಾನೆ. ಜೊತೆಗಿರೋದು ಬೇರೆ, ಕ್ಷಮೆ ಬೇರೆ.

ಅನುಷಾ: ಬೀಗ, ಚಾಕು, ಅಪಘಾತ. ಇನ್ನೇನಾದ್ರೂ ಉಳಿದಿದ್ಯಾ ನಂಗೆ ನೋಡೋಕೆ?

ಬಸವರಾಜ: 😂 ಉಳದದ, ಉಳದದ. ಮಾತು ಕೇಳಿಸ್ಕೊಂಡು ನೋಡು, ಬರೀ ಸಬ್‌ಟೈಟಲ್ ಓದಬ್ಯಾಡ. ತೋಹ್ರು ಗೆಳತ್ಯಾರ ಜೋಡಿನೂ "ದೆಸು", "ಮಾಸು" ಅಂತ ಜಪಾನಿ ಮರ್ಯಾದಿ ಮಾತು ಹಚ್ಚಿ ಮಾತಾಡ್ತಾಳ. ನಮ್ಮಲ್ಲಿ ವಾರಗೆಯವ್ರಿಗೂ "ಬರ್ರಿ, ಕೂಡ್ರಿ" ಅಂದಂಗ. ಇಂಗ್ಲಿಷ್‌ನಾಗ ಅದೆಲ್ಲ ಮಾಯ ಆಗಿಬಿಡ್ತದ.

ರಮ್ಯಾ: ಹೌದು, ಅದು ಬರೀ ಸಭ್ಯತೆ ಅಲ್ಲ. ಅದು ಕಾತ್ಸುಯಾ ಮಾತಾಡೋ ಶೈಲಿ. ಅಪ್ಪ ಸತ್ತಾಗ ಅಮ್ಮನೂ ಎಲ್ಲಿ ಹೋಗಿಬಿಡ್ತಾಳೋ ಅಂತ ಹೆದರಿ, ಆ ಮಗು ಅಪ್ಪನ ಹಾಗೆ ಮಾತಾಡೋಕೆ ಶುರುಮಾಡ್ತು. ಇದು ಗೊತ್ತಾದ ಮೇಲೆ ಮೊದಲ ಎಪಿಸೋಡ್ ಮತ್ತೆ ಹಾಕಿದ್ರೆ ಅವಳ ಒಂದೊಂದು "ದೆಸು"ನೂ ಬೇರೆ ಥರ ಕೇಳುತ್ತೆ.

ಚೇತನ್: ಸರಿ ಮಾರಾಯ್ತಿ, ಸೋತೆ. ಸರಿ ಕ್ರಮ ಹಾಕು.

ರಮ್ಯಾ: 2019ರದ್ದು 25, 2020ರದ್ದು 25, 2021ರ ಫೈನಲ್ 13, ಕೊನೆಗೆ ಪ್ರೆಲ್ಯೂಡ್. 2001ರದ್ದು ಬೇಕಾದ್ರೆ ಎಲ್ಲ ಮುಗಿದ ಮೇಲೆ, ತಮಾಷೆಗೆ. ಕೊಮಾಕಿ ಬೇಕಂದ್ರೆ ಮಾಂಗಾ, 23 ಸಂಪುಟ.

ಚೇತನ್: ಪಿನ್ ಮಾಡಿದೆ. ಹಳೇ ಫಾರ್ವರ್ಡ್ ಅಳಿಸಿದೆ.

ಅನುಷಾ: ಬಸವರಾಜನ ಆ ಅರ್ಧ ವಾಕ್ಯಾನೂ ಅಳಿಸಿ.