ಪದಚರ್ಚೆ: ‘ಸೆಟ್ಲರ್’ಗೆ ‘ಒಕ್ಕಲು’ ಒಗ್ಗುತ್ತದೆಯೇ?

ಗೆಳೆಯರಿಗೆ ನಮಸ್ಕಾರ.

ಪ್ಯಾಟಿ ಸೆಷನ್ಸ್ ಎಂಬ ಮಾರ್ಮನ್ (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ) ಸೂಲಗಿತ್ತಿಯ ಬದುಕಿನ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಹುಟ್ಟಿದ್ದು 1795ರಲ್ಲಿ, ಅಮೆರಿಕದ ಈಗಿನ ಮೇನ್ ರಾಜ್ಯದ ಬೆಥೆಲ್ ಊರಿನಲ್ಲಿ. 1846ರ ಫೆಬ್ರವರಿಯ ಚಳಿಯಲ್ಲಿ ಇಲಿನಾಯ್ ರಾಜ್ಯದ ನೌವೂ ಪಟ್ಟಣ ಬಿಟ್ಟು ಹೊರಟರು. ಮರುವರ್ಷ, ಐವತ್ತೆರಡನೇ ವಯಸ್ಸಿನಲ್ಲಿ, ನಾಲ್ಕು ಎತ್ತು ಹೂಡಿದ ಗಾಡಿಯನ್ನು ತಾವೇ ಹೊಡೆದುಕೊಂಡು ಸೆಪ್ಟೆಂಬರ್ 24ಕ್ಕೆ ಈಗಿನ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆ ಮುಟ್ಟಿದರು. ಬಂದ ಎರಡೇ ದಿನಕ್ಕೆ ಅಲ್ಲಿ ಒಂದು ಹೆರಿಗೆ ಮಾಡಿಸಿದರು. ಜೀವಮಾನದಲ್ಲಿ ಅವರು ಮಾಡಿಸಿದ ಹೆರಿಗೆಗಳು 3,977 ಎಂಬ ಲೆಕ್ಕವಿದೆ. ಇಂಥ ಹೆಂಗಸನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎನ್ನುವುದೇ ನನ್ನ ಮುಖ್ಯ ಪ್ರಶ್ನೆ.

ಹೊಸ ನೆಲಕ್ಕೆ ಹೋಗಿ ನೆಲೆಯೂರಿದವರನ್ನು ಇಂಗ್ಲಿಷಿನಲ್ಲಿ ‘ಪಯೊನೀರ್’, ‘ಸೆಟ್ಲರ್’ ಅಂದರೆ ಮುಗಿಯಿತು. ನಮ್ಮ ಪತ್ರಿಕೆಗಳು ‘ವಲಸಿಗರು’ ಅನ್ನುತ್ತವೆ. ವಲಸಿಗ ಎಂದರೆ ಊರು ಬಿಟ್ಟು ಬಂದವನು. ಬಂದಮೇಲೆ ಏನು ಮಾಡಿದ ಎನ್ನುವುದು ಆ ಪದದಲ್ಲಿ ಇಲ್ಲ. ‘ಪ್ರವರ್ತಕ’ ಸಭೆಯ ಭಾಷಣಕ್ಕೆ ಸರಿ, ನೇಗಿಲು ಹಿಡಿದವರಿಗೆ ಅಲ್ಲ. ‘ನೆಲಸಿಗ’ ಎಂದು ಹೊಸದಾಗಿ ಕಟ್ಟಬಹುದು, ಆದರೆ ಯಾರ ಬಾಯಲ್ಲೂ ಅದು ಇಲ್ಲ.

ನನ್ನ ಮನಸ್ಸು ನಿಂತಿರುವುದು ‘ಒಕ್ಕಲು’ ಪದದ ಮೇಲೆ. ‘ಈ ಊರಲ್ಲಿ ನಲವತ್ತು ಒಕ್ಕಲು’ ಎಂದಾಗ ಅದು ಸಂಸಾರದ ಲೆಕ್ಕ. ಮಾರ್ಮನ್ನರು ಹೋದದ್ದೂ ಬಹುಪಾಲು ಸಂಸಾರ ಸಮೇತ. ಚಿನ್ನ ಹುಡುಕಿಕೊಂಡು ಒಂಟಿಯಾಗಿ ಕ್ಯಾಲಿಫೋರ್ನಿಯಾಕ್ಕೆ ಓಡಿದ ಗಂಡಸರಿಗಿಂತ ಇವರು ಬೇರೆಯಾಗುವುದು ಇಲ್ಲೇ ಅಲ್ವಾ? ಇನ್ನು ‘ಒಕ್ಕಲುತನ’ ಎಂದರೆ ಬೇಸಾಯ. ಅವರ ಮೊದಲ ತಂಡ ಕಣಿವೆಗೆ ಇಳಿದದ್ದು 1847ರ ಜುಲೈನಲ್ಲಿ. ನೆಲ ಎಷ್ಟು ಗಟ್ಟಿ ಇತ್ತೆಂದರೆ ನೇಗಿಲು ಮುರಿದವು. ಹತ್ತಿರದ ಹಳ್ಳಕ್ಕೆ ಒಡ್ಡು ಕಟ್ಟಿ, ನೀರು ಹರಿಸಿ, ಮಣ್ಣು ನೆನೆಸಿ ಆಮೇಲೆ ಉತ್ತರು. ಅವರ ಮುಖಂಡ ಬ್ರಿಗಮ್ ಯಂಗ್ ಅವರು 24ರಂದು ಬಂದು ಸೇರುವಷ್ಟರಲ್ಲಿ ಉಳುಮೆ ಶುರುವಾಗಿತ್ತು. ಆ ದಿನ ಯೂಟಾದಲ್ಲಿ ಇಂದಿಗೂ ಹಬ್ಬ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅರ್ಥ. ‘ನಾವು ಮಾದಪ್ಪನ ಒಕ್ಕಲು’ ಎಂದು ಚಾಮರಾಜನಗರ ಸೀಮೆಯವರು ಹೇಳುತ್ತಾರೆ. ದೇವರಿಗೆ ಸೇರಿದ ಮನೆತನ ಎಂದು ಅರ್ಥ. ಮಾರ್ಮನ್ನರು ತಮ್ಮನ್ನು ‘ಸೇಂಟ್ಸ್’ ಎಂದು ಕರೆದುಕೊಂಡರು. ಅದನ್ನು ‘ಸಂತರು’ ಎಂದರೆ ಕನ್ನಡದ ಓದುಗರಿಗೆ ಕಾವಿ, ಜಪಮಾಲೆ ಕಣ್ಣಿಗೆ ಬರುತ್ತದೆ. ಇವರೋ ಮಕ್ಕಳೊಂದಿಗರು, ಹೊಲ ಉಳುವವರು, ಹಸು ಕರೆಯುವವರು. ನಾವು ದೇವರಿಗೆ ಸೇರಿದವರು ಎಂಬುದಷ್ಟೇ ಅವರ ಮಾತಿನ ತಿರುಳು. ಆ ತಿರುಳು ‘ಸಂತ’ದಲ್ಲಿ ಸಿಗುವುದಿಲ್ಲ, ‘ಒಕ್ಕಲು’ವಿನಲ್ಲಿ ಸಿಗುತ್ತದೆ.

ಅದರ ಬೆನ್ನಿಗೇ ‘ಒಕ್ಕಲೆಬ್ಬಿಸು’ ಇದೆ. 1838ರ ಅಕ್ಟೋಬರ್‌ನಲ್ಲಿ ಮಿಸೌರಿಯ ಗವರ್ನರ್ ಲಿಲ್ಬರ್ನ್ ಬಾಗ್ಸ್, ಮಾರ್ಮನ್ನರನ್ನು ನಿರ್ಮೂಲ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕು ಎಂದು ಆಜ್ಞೆ ಹೊರಡಿಸಿದರು. ಇಲಿನಾಯ್‌ನಲ್ಲಿ ಅವರ ಗುರು ಜೋಸೆಫ್ ಸ್ಮಿತ್ 1844ರಲ್ಲಿ ಗುಂಪಿನ ಕೈಯಲ್ಲಿ ಸತ್ತರು. ಎರಡು ವರ್ಷಕ್ಕೆ ನೌವೂ ಕೂಡ ಬಿಡಬೇಕಾಯಿತು. ಇದಕ್ಕೆಲ್ಲ ‘ಸ್ಥಳಾಂತರ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಒಕ್ಕಲೆಬ್ಬಿಸಿದ್ದು ಎಂದೇ ಬರೆಯುತ್ತೇನೆ. ಹಾಗೆಯೇ ಯೂಟಾದ ಮೂಲ ನಿವಾಸಿಗಳಾದ ಯೂಟ್ ಜನರಿಗೆ ಆದದ್ದಕ್ಕೂ ಅದೇ ಪದ ಹಾಕಬೇಕು. ಆ ಕಣಿವೆಗಳು ಖಾಲಿ ಇರಲಿಲ್ಲ. ಪ್ರೊವೊ ಹೊಳೆಯ ದಡದಲ್ಲಿ ಮಾರ್ಮನ್ನರು 1849ರಲ್ಲಿ ಕೋಟೆ ಕಟ್ಟಿದರು. ಮರುವರ್ಷ ಫೆಬ್ರವರಿಯಲ್ಲೇ ಅಲ್ಲಿನ ಮೂಲ ಜನರ ಮೇಲೆ ಬಿದ್ದು ಅನೇಕರನ್ನು ಕೊಂದರು. 1861ರಲ್ಲಿ ಲಿಂಕನ್ ಸರ್ಕಾರ ಯೂಂಟಾ ಕಣಿವೆಯನ್ನು ಯೂಟ್ ಜನರಿಗೆಂದು ಬೇರೆ ಮಾಡಿತು. ಆಮೇಲೆ ಅವರನ್ನು ಅತ್ತ ತಳ್ಳಲಾಯಿತು. ಒಕ್ಕಲೆದ್ದು ಬಂದವರೇ ಇನ್ನೊಬ್ಬರನ್ನು ಒಕ್ಕಲೆಬ್ಬಿಸಿದರು. ಒಂದೇ ಪದ ಇಟ್ಟರೆ ಓದುಗರಿಗೆ ಎರಡೂ ಒಟ್ಟಿಗೆ ಕಾಣುತ್ತವೆ.

ಆದರೆ ತೊಡಕು ಎರಡಿವೆ. ‘ಒಕ್ಕಲಿಗ’ ಎಂದು ಬರೆಯುವಂತಿಲ್ಲ. ಈಗ ಅದು ಜಾತಿಯ ಹೆಸರು, ಓದುಗರು ಬೇರೆ ಅರ್ಥ ತೆಗೆಯುವುದೇ ಇಲ್ಲ. ಎರಡನೆಯದು, ಕರಾವಳಿ ಮತ್ತು ಮಲೆನಾಡಿನಲ್ಲಿ ‘ಒಕ್ಕಲು’ ಎಂದರೆ ಗೇಣಿಗೆ ಉಳುವವರು. ಯೂಟಾದಲ್ಲಿ ಹಾಗಿರಲಿಲ್ಲ. ಯಾರೂ ನೆಲ ಮಾರಬಾರದು, ಕೊಳ್ಳಬಾರದು, ಉಳುವಷ್ಟು ಮಾತ್ರ ಇಟ್ಟುಕೊಳ್ಳಬೇಕು ಎಂದು ಯಂಗ್ ಮೊದಲೇ ಹೇಳಿದ್ದರು. ಪಟ್ಟಣದಲ್ಲಿ ಸಂಸಾರಕ್ಕೆ ಒಂದೂಕಾಲು ಎಕರೆಯ ನಿವೇಶನ ಹಂಚಿದರು. ಜಮೀನ್ದಾರ ಇಲ್ಲ, ಗೇಣಿ ಇಲ್ಲ. ಸರ್ಕಾರದ ಭೂ ಕಚೇರಿ ಸಾಲ್ಟ್ ಲೇಕ್‌ನಲ್ಲಿ ತೆರೆದದ್ದೇ 1869ರಲ್ಲಿ. ಅಲ್ಲಿವರೆಗೆ ಕೈಯಲ್ಲಿ ಪಕ್ಕಾ ಹಕ್ಕುಪತ್ರವೂ ಇಲ್ಲ. ಹಾಗಾಗಿ ಕುಂದಾಪುರದ ಓದುಗರು ‘ಒಕ್ಕಲು’ ಕಂಡ ಕೂಡಲೇ ಧಣಿ ಯಾರು ಎಂದು ಹುಡುಕಬಾರದಲ್ಲ? ಅದೇ ಕಡೆ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಅನ್ನುತ್ತಾರೆ. ಆ ಬಳಕೆ ನನಗೆ ಬೇಕಾದ ಅರ್ಥಕ್ಕೆ ತುಂಬ ಹತ್ತಿರ. ‘ಹೊಸ ಒಕ್ಕಲಿನವರು’ ಅಥವಾ ‘ಒಕ್ಕಲು ಹೂಡಿದವರು’ ಎಂದರೆ ಗೇಣಿಯ ನೆರಳು ತಪ್ಪುತ್ತದೆಯೇ?

ಜೊತೆಗೆ ಇನ್ನೂ ಮೂರು ಸಣ್ಣ ಪ್ರಶ್ನೆ.

‘ಫ್ರಾಂಟಿಯರ್’ಗೆ, ಅಂದರೆ ಬಂದವರ ನೆಲೆಗಳು ಮುಗಿದು ಹೊಸ ನೆಲ ಶುರುವಾಗುವ ಸೀಮೆಗೆ, ‘ಗಡಿ’ ಬೇಡ ಅನಿಸುತ್ತದೆ. ಗಡಿನಾಡು ಅಂದರೆ ನಮಗೆ ಕಾಸರಗೋಡು, ಬೆಳಗಾವಿ. 1847ರಲ್ಲಿ ಸಾಲ್ಟ್ ಲೇಕ್ ಕಣಿವೆ ಕಾಗದದ ಮೇಲೆ ಮೆಕ್ಸಿಕೋಗೆ ಸೇರಿತ್ತು. 1848ರ ಒಪ್ಪಂದದಲ್ಲಿ ಅಮೆರಿಕಕ್ಕೆ ಬಂತು. ಹೀಗಿರುವಾಗ ‘ಗಡಿ’ ಎಂದರೆ ಗೊಂದಲ ಜಾಸ್ತಿಯಾಗುತ್ತದೆ. ಸದ್ಯಕ್ಕೆ ‘ಪಡುವಣ ಸೀಮೆ’ ಎಂದು ಬರೆದಿದ್ದೇನೆ.

ಕಾಲುವೆ ನೀರನ್ನು ಸರದಿಯ ಮೇಲೆ ಬಿಡುವವನನ್ನು ಅಲ್ಲಿ ‘ವಾಟರ್‌ಮಾಸ್ಟರ್’ ಎನ್ನುತ್ತಿದ್ದರು. ನಿಮ್ಮ ಸರದಿ ನಡುರಾತ್ರಿ ಬಂದರೆ ಲಾಂದ್ರ, ಗುದ್ದಲಿ ಹಿಡಿದು ಆಗಲೇ ಹೋಗಬೇಕು. ನಮ್ಮ ಕೆರೆಬಯಲಿನ ‘ನೀರುಗಂಟಿ’ಯೇ ಸರಿ ಎನ್ನುವುದು ನನ್ನ ಅಭಿಪ್ರಾಯ. ನೀರುಗಂಟಿಯದು ವಂಶದಿಂದ ಬಂದ ಕೆಲಸ, ಸುಗ್ಗಿಯಲ್ಲಿ ಕಾಳು ಸಿಗುತ್ತಿತ್ತು. ಅಲ್ಲಿನವನು ನೇಮಕವಾದವನು. ಇಷ್ಟು ವ್ಯತ್ಯಾಸಕ್ಕೆ ಒಳ್ಳೆಯ ಪದ ಬಿಡಲು ನಾನು ತಯಾರಿಲ್ಲ. ಕೆರೆ ನೀರು ಕಂಡವರು ಏನನ್ನುತ್ತೀರಿ?

ಕೊನೆಯದು ಪ್ಯಾಟಿಯವರ ದಿನಚರಿಯದು. ಇಂಥವಳನ್ನು ಗಂಡುಮಗುವಿನೊಂದಿಗೆ ‘ಪುಟ್ ಟು ಬೆಡ್’ ಮಾಡಿದೆ ಎನ್ನುವ ಧಾಟಿಯಲ್ಲಿ ಅವರು ಬರೆಯುತ್ತಾರೆ. ಆ ಕಾಲದಲ್ಲಿ ಹಾಗೆಂದರೆ ಹೆರಿಗೆ ಮಾಡಿಸಿದೆ ಎಂದೇ ಅರ್ಥ, ಮಲಗಿಸಿದೆ ಎಂದಲ್ಲ. ‘ಹೆರಿಗೆ ಮಾಡಿಸಿದೆ’ ಅರ್ಥಕ್ಕೆ ಸರಿ, ಆದರೆ ದವಾಖಾನೆಯ ದಾಖಲೆಯಂತೆ ಕೇಳಿಸುತ್ತದೆ. ನಿಮ್ಮ ಕಡೆಯ ಸೂಲಗಿತ್ತಿಯರು ತಮ್ಮ ಕೆಲಸವನ್ನು ತಾವೇ ಯಾವ ಮಾತಿನಲ್ಲಿ ಹೇಳುತ್ತಿದ್ದರು? ಉತ್ತರ ಕರ್ನಾಟಕದವರು, ಮಲೆನಾಡಿನವರು ದಯವಿಟ್ಟು ಬರೆಯಿರಿ. ಬರೀ ಪದ ಬೇಡ, ಅದು ಬರುವ ಇಡೀ ವಾಕ್ಯವನ್ನು ಊರಿನ ಹೆಸರಿನ ಜೊತೆ ಕೊಟ್ಟರೆ ನನಗೆ ಹೆಚ್ಚು ಉಪಯೋಗ.