ಕೊಳಚೆ ನೀರಲ್ಲಿ ವೈರಸ್: ನಮ್ಮ ಮನೆ ಗುಂಪಲ್ಲಿ ನಡೆದ ವಾದ

ದೊಡ್ಡಪ್ಪ (ಫಾರ್ವರ್ಡ್): ಎಚ್ಚರ!! ಒಳಚರಂಡಿ ನೀರಿನಲ್ಲಿ ವೈರಸ್ ಪತ್ತೆ!! ನಲ್ಲಿ ನೀರಿನಿಂದಲೂ ಹರಡುವ ಸಾಧ್ಯತೆ. ವಿಜ್ಞಾನಿಗಳಿಗೆ ಮೊದಲೇ ಗೊತ್ತಿದ್ದರೂ ಮುಚ್ಚಿಟ್ಟಿದ್ದಾರೆ. ನಿಮ್ಮವರಿಗೆಲ್ಲ ತಕ್ಷಣ ಕಳಿಸಿ.

ದೊಡ್ಡಪ್ಪ: ಎಲ್ಲರೂ ಹುಷಾರಾಗಿರಿ. ಶುಭಾ, ನೀನು ಲ್ಯಾಬಲ್ಲಿ ಇದೇ ಕೆಲಸ ಮಾಡೋದಲ್ವಾ, ನಿಜಾನಾ ಇದು?

ಶುಭಾ: ಮೊದಲ ಸಾಲು ನಿಜ ದೊಡ್ಡಪ್ಪ, ಉಳಿದದ್ದು ಸುಳ್ಳು. ಕೊಳಚೆ ನೀರಲ್ಲಿ ವೈರಸ್ ಸಿಕ್ಕಿದ್ದು ಆಕಸ್ಮಿಕ ಅಲ್ಲ, ಹುಡುಕಿದ್ದಕ್ಕೇ ಸಿಕ್ಕಿದ್ದು. ಸೋಂಕು ತಗುಲಿದವರ ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ, ಅಂದ್ರೆ ಅದರ ವಂಶವಾಹಿ ವಸ್ತು, ಹೊರಗೆ ಬರುತ್ತೆ. ಜ್ವರ ಇಲ್ಲದವರಿಂದಲೂ, ಆಸ್ಪತ್ರೆ ಕಡೆ ತಲೆ ಹಾಕದವರಿಂದಲೂ. ಶುದ್ಧೀಕರಣ ಘಟಕಕ್ಕೆ ಬರೋ ನೀರನ್ನ ಒಂದು ಯಂತ್ರ ದಿನವಿಡೀ ಸ್ವಲ್ಪ ಸ್ವಲ್ಪ ಎತ್ತಿ ಸೇರಿಸುತ್ತೆ, ಅದರಲ್ಲಿ ಆ ಆರ್‌ಎನ್‌ಎ ಇದೆಯಾ ಅಂತ ನಾವು ಪಿಸಿಆರ್ ಅನ್ನೋ ಪರೀಕ್ಷೆ ಮಾಡಿ ನೋಡ್ತೀವಿ. ಒಂದೇ ಸ್ಯಾಂಪಲ್ಲಲ್ಲಿ ಲಕ್ಷಾಂತರ ಜನರ ಸುಳಿವು ಇರುತ್ತೆ. ನಲ್ಲಿ ನೀರಿನ ಪೈಪೇ ಬೇರೆ, ಆ ನೀರಿಗೆ ಕ್ಲೋರಿನ್ ಬೇರೆ ಹಾಕಿರ್ತಾರೆ.

ಲಲಿತಾ ಅತ್ತೆ: ಶುಭಾ, ಒಂದು ವಿಷಯ ಸೇರಿಸು. ಕೊರೊನಾದಲ್ಲಿ ಕೊಳಚೆ ನೀರಲ್ಲಿ ಸಿಗೋದು ಹೆಚ್ಚಾಗಿ ಸತ್ತ ವೈರಸ್ಸಿನ ತುಣುಕು. ಪೋಲಿಯೋ ಹಾಗಲ್ಲ, ಅದು ಜೀವಂತವಾಗೇ ಇರುತ್ತೆ. ಹಾಗಾಗಿ ಕೊಳಚೆ ನೀರಿಗೆ ಹೆದರೋದೇ ಬೇಡ ಅಂತ ಮಾತ್ರ ಯಾರೂ ಹೇಳಬಾರದು. ಆ ಸ್ಯಾಂಪಲ್ ಎತ್ತೋ ಹುಡುಗರಿಗೆ ಕೈಗವಸು, ಮಾಸ್ಕು, ಲಸಿಕೆ ಎಲ್ಲ ಕೊಟ್ಟಿರಬೇಕು.

ಶುಭಾ: ಹೌದತ್ತೆ. ಅದರಲ್ಲಿ ರಾಜಿ ಇಲ್ಲ.

ಚಿಕ್ಕಪ್ಪ (ಪ್ರಕಾಶ): ಅಣ್ಣನ ಫಾರ್ವರ್ಡ್ ಬಿಡಿ. ನನ್ನ ಪ್ರಶ್ನೆ ಬೇರೆ. ವೈರಸ್ ಇದೆ ಅಂತ ಗೊತ್ತಾಯ್ತು, ಆಮೇಲೆ? ಯಾರ ಮನೇಲಿ ಇದೆ ಅಂತ ಗೊತ್ತಾಗಲ್ಲ. ಔಷಧಿ ಯಾರಿಗೆ ಕೊಡ್ತೀರಿ, ಒಳಚರಂಡಿಗಾ? ಇಷ್ಟು ದುಡ್ಡಿನಲ್ಲಿ ಆಸ್ಪತ್ರೆಗೆ ಇನ್ನಷ್ಟು ಹಾಸಿಗೆ ಹಾಕಬಹುದಿತ್ತು.

ಶುಭಾ: ಹಾಸಿಗೆ ಯಾವ ಊರಲ್ಲಿ, ಯಾವ ವಾರ ಹಾಕ್ಬೇಕು ಅಂತ ಗೊತ್ತಾಗಬೇಕಲ್ಲ ಚಿಕ್ಕಪ್ಪ. ನೆದರ್ಲೆಂಡ್ಸಿನ ಆಮರ್ಸ್‌ಫೋರ್ಟ್ ಅನ್ನೋ ಊರಲ್ಲಿ 2020ರ ಮಾರ್ಚ್ ಮೊದಲಲ್ಲೇ ಕೊಳಚೆ ನೀರಲ್ಲಿ ಕೊರೊನಾ ಕಂಡಿತ್ತು. ಆಗಿನ್ನೂ ಆ ಊರಲ್ಲಿ ಒಂದು ಕೇಸೂ ವರದಿ ಆಗಿರ್ಲಿಲ್ಲ.

ಶುಭಾ: ಅದೇ ವರ್ಷ ಆಗಸ್ಟಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಒಂದು ಹಾಸ್ಟೆಲಿನ ಕೊಳಚೆ ನೀರಲ್ಲಿ ಸಿಕ್ತು. ತಕ್ಷಣ ಅಲ್ಲಿದ್ದ 311 ಜನರನ್ನ ಪರೀಕ್ಷೆ ಮಾಡಿದ್ರು. ಇಬ್ಬರಿಗೆ ಸೋಂಕಿತ್ತು, ಇಬ್ಬರಿಗೂ ಯಾವ ಲಕ್ಷಣವೂ ಇರ್ಲಿಲ್ಲ. ಅವರನ್ನ ಬೇರೆ ಇರಿಸಿದ್ರು. ಆ ನೀರು ನೋಡದೇ ಇದ್ದಿದ್ರೆ ಆ ಇಬ್ಬರು ಪರೀಕ್ಷೆಗೆ ಬರ್ತಾನೇ ಇರ್ಲಿಲ್ಲ.

ಚಿಕ್ಕಪ್ಪ: ಒಂದು ಹಾಸ್ಟೆಲ್ ಸರಿ. ಇಡೀ ಊರಿಗೆ? ವಾರಗಟ್ಟಲೆ ಮುಂಚೆ ಗೊತ್ತಾಗುತ್ತೆ ಅಂತ ಎಲ್ಲಾ ಕಡೆ ಬರೀತಾರೆ. ಲೆಕ್ಕ ಹಾಕಿ ನೋಡಿದವರು ಇದ್ದಾರಾ?

ಶುಭಾ: ಇದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ನ್ಯೂ ಹೇವನ್ ಅನ್ನೋ ಊರಲ್ಲಿ 2020ರಲ್ಲಿ ಲೆಕ್ಕ ಹಾಕಿದ್ರು. ಜನ ಪರೀಕ್ಷೆಗೆ ಸ್ಯಾಂಪಲ್ ಕೊಟ್ಟ ದಿನಕ್ಕೆ ಹೋಲಿಸಿದ್ರೆ ಕೊಳಚೆ ನೀರು 0ರಿಂದ 2 ದಿನ ಮುಂದೆ, ಅಷ್ಟೇ. ಆಸ್ಪತ್ರೆ ದಾಖಲಾತಿಗಿಂತ 1ರಿಂದ 4 ದಿನ ಮುಂದೆ. ಆದ್ರೆ ಫಲಿತಾಂಶ ಪ್ರಕಟವಾದ ದಿನಕ್ಕೆ ಹೋಲಿಸಿದ್ರೆ 6ರಿಂದ 8 ದಿನ ಮುಂದೆ.

ಚಿಕ್ಕಪ್ಪ: ಅಂದ್ರೆ ನೀವು ಮುಂದಿಲ್ಲ, ಪರೀಕ್ಷೆ ಫಲಿತಾಂಶ ಕೊಡೋರು ಹಿಂದೆ ಇದ್ದಾರೆ.

ಶುಭಾ: ಹೌದು, ಅದೂ ಒಂದು ಭಾಗ. ಪರೀಕ್ಷೆ ಚುರುಕಾಗಿ ನಡೆದು ಅವತ್ತೇ ಫಲಿತಾಂಶ ಬರೋ ಕಡೆ ನಮ್ಮ ಲಾಭ ಕಡಿಮೆ. ಪರೀಕ್ಷೆಯೇ ನಿಂತುಹೋದ ಕಡೆ ನಮ್ಮನ್ನ ಬಿಟ್ರೆ ಇನ್ನೇನೂ ಇಲ್ಲ. ಈಗ ಯಾರು ಕೊರೊನಾ ಪರೀಕ್ಷೆ ಮಾಡಿಸ್ತಾರೆ ಹೇಳಿ? ಮನೇಲೇ ಮಾತ್ರೆ ತಗೊಂಡು ಸುಮ್ಮನಾಗ್ತಾರೆ. ಕೇಸಿನ ಸಂಖ್ಯೆ ಸೊನ್ನೆ ಅಂತ ಬರುತ್ತೆ, ಆದ್ರೆ ಅದು ಸೋಂಕಿನ ಸೊನ್ನೆ ಅಲ್ಲ, ಪರೀಕ್ಷೆಯ ಸೊನ್ನೆ. ಪರೀಕ್ಷೆ ಮಾಡಿಸ್ಲಿ ಬಿಡ್ಲಿ, ಶೌಚಾಲಯಕ್ಕಂತೂ ಎಲ್ಲರೂ ಹೋಗ್ತಾರೆ.

ಲಲಿತಾ ಅತ್ತೆ: ಪ್ರಕಾಶ, ಇದು ಕೊರೊನಾ ಕಾಲದಲ್ಲಿ ಹುಟ್ಟಿದ್ದಲ್ಲ ಕಣೋ. ಮುಂಬೈನಲ್ಲಿ 2001ರಿಂದಲೇ ಪೋಲಿಯೋಗಾಗಿ ಕೊಳಚೆ ನೀರು ನೋಡ್ತಿದ್ದರು. ಪೋಲಿಯೋ ಸೋಂಕು ತಗುಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಆಗುತ್ತೆ. ಒಂದು ಮಗು ಕಾಲು ಎಳೆಯೋಕೆ ಶುರುಮಾಡೋ ಹೊತ್ತಿಗೆ ವೈರಸ್ ಊರೆಲ್ಲ ಸುತ್ತಿ ಮುಗಿದಿರುತ್ತೆ. ಮಗು ಬೀಳೋವರೆಗೆ ಕಾಯೋದಾ, ಇಲ್ಲ ನೀರು ನೋಡೋದಾ? ನಾನು ವರ್ಷಗಟ್ಟಲೆ ಮನೆಮನೆ ತಿರುಗಿ ಹನಿ ಹಾಕಿದವಳು. ಭಾರತದಲ್ಲಿ ಕೊನೆಯ ಕೇಸು 2011ರ ಜನವರಿಯಲ್ಲಿ. ಅದಾದ ಮೇಲೂ ನೀರು ನೋಡೋದನ್ನ ನಿಲ್ಲಿಸಲಿಲ್ಲ. ವೈರಸ್ ಹೋಗಿದೆ ಅಂತ ಧೈರ್ಯವಾಗಿ ಹೇಳೋಕೂ ಅದೇ ಬೇಕು.

ಶುಭಾ: ಆಮೇಲೇನು ಅಂತ ಕೇಳಿದ್ರಲ್ಲ ಚಿಕ್ಕಪ್ಪ. ಲಂಡನ್ನಲ್ಲಿ 2022ರಲ್ಲಿ ಬೆಕ್ಟನ್ ಅನ್ನೋ ಶುದ್ಧೀಕರಣ ಘಟಕದ ನೀರಲ್ಲಿ ಪೋಲಿಯೋ ವೈರಸ್ ಮತ್ತೆ ಮತ್ತೆ ಕಂಡಿತು. ಒಂದು ಮಗುವಿಗೂ ಕಾಯಿಲೆ ಬಂದಿರ್ಲಿಲ್ಲ. ಆದ್ರೂ ಆಗಸ್ಟಲ್ಲಿ ಲಂಡನ್ನಿನ 1ರಿಂದ 9 ವರ್ಷದ ಎಲ್ಲ ಮಕ್ಕಳಿಗೂ ಹೆಚ್ಚುವರಿ ಲಸಿಕೆ ಕೊಡೋಕೆ ಶುರುಮಾಡಿದ್ರು. 2013ರಲ್ಲಿ ಇಸ್ರೇಲಲ್ಲೂ ಹೀಗೇ ಆಗಿತ್ತು. ಅಲ್ಲೂ ಪಾರ್ಶ್ವವಾಯುವಿನ ಒಂದು ಕೇಸೂ ಇಲ್ಲ, ಬರೀ ಕೊಳಚೆ ನೀರು ನೋಡಿ ಮಕ್ಕಳಿಗೆ ಬಾಯಿಗೆ ಹಾಕೋ ಲಸಿಕೆ ಕೊಟ್ಟರು.

ಚಿಕ್ಕಪ್ಪ: ಪೋಲಿಯೋ ವಿಷಯ ಒಪ್ಪಿದೆ. ಲಸಿಕೆ ಕೈಯಲ್ಲಿದೆ, ಸುದ್ದಿ ಬಂದ ತಕ್ಷಣ ಏನು ಮಾಡಬೇಕು ಅಂತ ಗೊತ್ತಿದೆ. ಎಲ್ಲ ವೈರಸ್ಸಿಗೂ ಹಾಗಿಲ್ಲ.

ಶುಭಾ: ಅದನ್ನ ನಾನೂ ಒಪ್ತೀನಿ. ಅಂಕಿ ಏರಿದ್ರೆ ಏನು ಮಾಡ್ತೀವಿ ಅಂತ ಮೊದಲೇ ತೀರ್ಮಾನ ಆಗಿರಬೇಕು. ಆಗಿಲ್ಲ ಅಂದ್ರೆ ನಾವು ಗ್ರಾಫ್ ಬರೆದು ಕೂತ್ಕೋತೀವಿ ಅಷ್ಟೇ.

ಚೇತನ್: ಅಕ್ಕ, ಯಾರ ಮನೇಲಿ ಅಂತ ಗೊತ್ತಾಗಲ್ಲ ಅಂದ್ರು ಅಪ್ಪ. ನನಗೆ ಹೆದರಿಕೆ ಇರೋದೇ ಗೊತ್ತಾಗುತ್ತೆ ಅನ್ನೋದರ ಬಗ್ಗೆ. ಅಮೆರಿಕದ ವಿಸ್ಕಾನ್ಸಿನ್ನಲ್ಲಿ ಕೊರೊನಾದ ಒಂದು ವಿಚಿತ್ರ ರೂಪಾಂತರಿ ಸಿಕ್ಕಿತು ಅಂತ ಮ್ಯಾನ್‌ಹೋಲಿಂದ ಮ್ಯಾನ್‌ಹೋಲಿಗೆ ಹಿಂಬಾಲಿಸಿ ಕೊನೆಗೆ ಒಂದೇ ಕಟ್ಟಡಕ್ಕೆ ಬಂದು ನಿಂತರಲ್ಲ. ಅಲ್ಲಿ ಕೆಲಸ ಮಾಡ್ತಿದ್ದವರು ಸುಮಾರು 30 ಜನ. ಇನ್ನೊಂದು ಹೆಜ್ಜೆ ಹೋಗಿದ್ರೆ ಆ ಮನುಷ್ಯನ ಹೆಸರೇ ಬರ್ತಿತ್ತೇನೋ.

ಶುಭಾ: ನಿಜ. ಆದ್ರೆ ಆ ವ್ಯಕ್ತಿಗೆ ದೀರ್ಘಕಾಲದ ಸೋಂಕು ಇದ್ದಿರಬಹುದು, ಚಿಕಿತ್ಸೆ ಬೇಕಾಗಿರಬಹುದು ಅನ್ನೋದೂ ಯೋಚನೆ ಮಾಡು.

ಚೇತನ್: ಮಾಡ್ದೆ. ಆದ್ರೆ ಅವರನ್ನ ಕೇಳಿದ್ರಾ? ಪರೀಕ್ಷೆಗೆ ಮೂಗು ಕೊಡುವಾಗ ಬೇಡ ಅನ್ನಬಹುದು. ಶೌಚಾಲಯಕ್ಕೆ ಹೋಗೋಲ್ಲ ಅನ್ನೋಕೆ ಆಗುತ್ತಾ? ನೀನು ಈಗ ತಾನೇ ಹೆಮ್ಮೆಯಿಂದ ಬರೆದೆಯಲ್ಲ, ಎಲ್ಲರೂ ಹೋಗ್ತಾರೆ ಅಂತ. ನನ್ನ ತಕರಾರು ಇರೋದೇ ಅಲ್ಲಿ.

ಚೇತನ್: ಇನ್ನೊಂದು. ಯುರೋಪಲ್ಲಿ 2011ರಿಂದ ನಗರಗಳ ಕೊಳಚೆ ನೀರಲ್ಲಿ ಮಾದಕ ವಸ್ತು ಅಳೀತಿದ್ದಾರೆ. ಇಡೀ ನಗರಕ್ಕೆ ಒಂದು ಅಂಕಿ ಅಂದ್ರೆ ಸರಿ. ಅದನ್ನೇ ಒಂದು ಬೀದಿಗೆ, ಒಂದು ಅಪಾರ್ಟ್‌ಮೆಂಟಿಗೆ ಇಳಿಸಿದ್ರೆ? ಪೊಲೀಸರು ಬಾಗಿಲು ತಟ್ಟಲ್ವಾ? ಬಡವರ ಬೀದಿಯಲ್ಲಿ ವೈರಸ್ ಜಾಸ್ತಿ ಅಂತ ಪೇಪರಲ್ಲಿ ಬಂದ್ರೆ ಆ ಬೀದಿಯವರಿಗೆ ಕೆಲಸ ಕೊಡ್ತಾರಾ?

ದೊಡ್ಡಪ್ಪ: ಇದು ಯೋಚನೆ ಮಾಡೋ ಮಾತೇ. ಕೊರೊನಾ ಕಾಲದಲ್ಲಿ ಬಾಗಿಲಿಗೆ ಚೀಟಿ ಅಂಟಿಸಿದ ಮನೆಯವರನ್ನ ಜನ ಹೇಗೆ ನೋಡಿದ್ರು ಅಂತ ನಮಗೆಲ್ಲ ಗೊತ್ತಿದೆ.

ಶುಭಾ: ಚೇತನ್, ನಿನ್ನ ಭಯ ಸರಿಯಾದ್ದೇ. ಇದಕ್ಕೆ ನನ್ನ ಹತ್ರ ಇರೋ ಉತ್ತರ ಒಂದೇ. ಘಟಕದ ಮಟ್ಟದಲ್ಲಿ, ಲಕ್ಷಾಂತರ ಜನ ಬೆರೆತ ನೀರಲ್ಲಿ ಅಳೆದದ್ದನ್ನ ಎಲ್ಲರಿಗೂ ಪ್ರಕಟಿಸಬೇಕು. ಕಟ್ಟಡದ ಮಟ್ಟಕ್ಕೆ ಇಳಿಯೋದಾದ್ರೆ ಅಲ್ಲಿರೋರಿಗೆ ಮೊದಲು ಹೇಳಿ, ಒಪ್ಪಿಗೆ ತಗೊಂಡು, ಆ ಫಲಿತಾಂಶ ಅವರಿಗೂ ವೈದ್ಯರಿಗೂ ಮಾತ್ರ ಹೋಗಬೇಕು. ಪೊಲೀಸರಿಗೆ ಯಾವ ಮಟ್ಟದ್ದೂ ಬೇಡ.

ಚೇತನ್: ಹಳೇ ಸ್ಯಾಂಪಲ್? ಫ್ರೀಜರಲ್ಲಿ ಇಟ್ಟಿರ್ತೀರಲ್ಲ.

ಶುಭಾ: ಇಡಲೇಬೇಕು. ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡಲ್ಲಿ 2022ರ ಜುಲೈಯಲ್ಲಿ ಒಬ್ಬರಿಗೆ ಪೋಲಿಯೋ ಪಾರ್ಶ್ವವಾಯು ಅಂತ ಗೊತ್ತಾಯ್ತು. ಕೊರೊನಾಗೆ ಅಂತ ಇಟ್ಟಿದ್ದ ಹಳೇ ಕೊಳಚೆ ನೀರನ್ನ ತೆಗೆದು ನೋಡಿದ್ರೆ ಅದಕ್ಕೂ ಹಿಂದಿನ ತಿಂಗಳುಗಳಲ್ಲೇ ವೈರಸ್ ಓಡಾಡಿದ್ದು ಕಂಡಿತು. ಎಸೆದಿದ್ರೆ ಅದು ಗೊತ್ತೇ ಆಗ್ತಿರ್ಲಿಲ್ಲ.

ಚೇತನ್: ಅಂದ್ರೆ ಒಂದಕ್ಕೆ ಅಂತ ತಗೊಂಡು ಇನ್ನೊಂದಕ್ಕೆ ಬಳಸಿದ್ರು. ಪೋಲಿಯೋ ಆದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದ್ರು. ಬಳಕೆ ಯಾವ್ಯಾವುದಕ್ಕೆ ಅಂತ ಕಾನೂನಲ್ಲಿ ಬರೆದಿಟ್ಟಿರಬೇಕು. ಲ್ಯಾಬಿನವರು ಒಳ್ಳೆಯವರು ಅನ್ನೋದು ಸಾಲಲ್ಲ.

ಶುಭಾ: ಕಾನೂನು ಬೇಕು. ನಾವು ಒಳ್ಳೆಯವರು, ನಂಬಿ ಅಂತ ನಾನೂ ಕೇಳ್ತಿಲ್ಲ.

ಚಿಕ್ಕಪ್ಪ: ಇಷ್ಟೆಲ್ಲ ಮಾತಾಡಿದ್ರಿ. ಎಲ್ಲರ ಮನೆಗೂ ಒಳಚರಂಡಿ ಇದೆ ಅಂತ ಅಂದುಕೊಂಡೇ ಮಾತಾಡ್ತಿದೀರಿ. ಶೌಚಗುಂಡಿ, ಸೆಪ್ಟಿಕ್ ಟ್ಯಾಂಕ್ ಇರೋರ ನೀರು ನಿಮ್ಮ ಘಟಕಕ್ಕೆ ಬರುತ್ತಾ? ಶೌಚಾಲಯವೇ ಇಲ್ಲದವರದ್ದು?

ಶುಭಾ: ಬರಲ್ಲ. ಈ ವಿಧಾನದ ದೊಡ್ಡ ಕೊರತೆ ಅದೇ. ಪೋಲಿಯೋದವರು ತೆರೆದ ಚರಂಡಿಗಳಿಂದಲೂ ಕೈಯಿಂದ ಸ್ಯಾಂಪಲ್ ಎತ್ತುತ್ತಾರೆ, ಆದ್ರೆ ಅದರ ಹಿಂದೆ ಎಷ್ಟು ಮನೆ ಇದೆ ಅಂತ ಹೇಳೋದು ಕಷ್ಟ. ಮಳೆ ಬಂದ್ರೆ ನೀರು ತೆಳುವಾಗಿ ಅಂಕಿ ತಾನಾಗೇ ಇಳಿಯುತ್ತೆ. ಅದನ್ನ ಸರಿದೂಗಿಸೋಕೆ ಮೆಣಸಿನ ಗಿಡದ ಒಂದು ವೈರಸ್ಸನ್ನೂ ಜೊತೆಗೆ ಅಳೀತೀವಿ. ಅದು ಊಟದ ಮೂಲಕ ಮನುಷ್ಯರ ಮಲದಲ್ಲಿ ಯಾವಾಗಲೂ ಇರುತ್ತೆ, ಹಾಗಾಗಿ ನೀರಲ್ಲಿ ಮಲದ ಪಾಲು ಎಷ್ಟು ಅಂತ ತಿಳಿಯುತ್ತೆ. ಇಷ್ಟೆಲ್ಲ ಮಾಡಿದ್ರೂ ಇಂಥಷ್ಟು ಜನರಿಗೆ ಸೋಂಕಿದೆ ಅಂತ ಖಚಿತವಾಗಿ ಹೇಳೋಕಾಗಲ್ಲ. ಏರ್ತಾ ಇದೆಯಾ ಇಳೀತಾ ಇದೆಯಾ ಅಂತ ಹೇಳಬಹುದು. 2024ರಲ್ಲಿ ಅಮೆರಿಕದ ಕೆಲವು ಕಡೆ ಹಕ್ಕಿಜ್ವರದ ವೈರಸ್ ಕಂಡಾಗ, ಡೈರಿಗಳಿಂದ ಒಳಚರಂಡಿಗೆ ಬಿಟ್ಟ ಹಾಲಿಂದಲೂ ಬಂದಿತ್ತು. ಹಸುವಿನದಾ ಮನುಷ್ಯರದಾ ಅಂತ ನೀರು ಹೇಳಲ್ಲ.

ಚಿಕ್ಕಪ್ಪ: ಹಾಗಾದ್ರೆ ನನ್ನದು ಒಂದೇ ಒತ್ತಾಯ. ನೀವು ಗ್ರಾಫ್ ಹಾಕುವಾಗ ಅದರ ಕೆಳಗೇ ಬರೀರಿ, ಈ ಅಂಕಿಯಲ್ಲಿ ಯಾವ ಬಡಾವಣೆ, ಎಷ್ಟು ಜನ ಸೇರಿಲ್ಲ ಅಂತ. ಅಲ್ಲಿಗೆ ಆರೋಗ್ಯ ಕಾರ್ಯಕರ್ತರು ನಡೆದುಕೊಂಡೇ ಹೋಗಬೇಕು. ಗ್ರಾಫ್ ಇಳಿದಿದೆ ಅಂತ ಅವರನ್ನ ಮರೆತರೆ ನಾನು ನಿಮ್ಮ ಕಡೆ ಇಲ್ಲ.

ಲಲಿತಾ ಅತ್ತೆ: ಇದು ನನ್ನ ಮಾತೂ ಹೌದು. ಹನಿ ಹಾಕೋಕೆ ಹೋದಾಗ ತಪ್ಪಿಹೋಗ್ತಿದ್ದ ಮಕ್ಕಳೆಲ್ಲ ಅಂಥ ಮನೆಗಳವೇ.

ಶುಭಾ: ನಮ್ಮ ವಾರದ ವರದಿಯಲ್ಲಿ ಆ ಸಾಲು ಇಲ್ಲ ಚಿಕ್ಕಪ್ಪ. ಸೇರಿಸಿ ಅಂತ ನಾಳೆ ಮೀಟಿಂಗಲ್ಲಿ ಕೇಳ್ತೀನಿ.

ದೊಡ್ಡಪ್ಪ: ಸರಿ, ನನಗೆ ಇದನ್ನ ಕಳಿಸಿದ ಗುಂಪಿಗೆ ಏನು ಹೇಳ್ಲಿ? ಅಲ್ಲಿ ಎಲ್ಲರೂ ಗಾಬರಿಯಾಗಿದ್ದಾರೆ.

ಶುಭಾ: ಮುಚ್ಚಿಟ್ಟಿಲ್ಲ, ಬೇಗ ತಿಳೀಲಿ ಅಂತಾನೇ ಹುಡುಕ್ತಿದ್ದಾರೆ, ನಲ್ಲಿ ನೀರಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿ ದೊಡ್ಡಪ್ಪ. ಮನೇಲಿ ಚಿಕ್ಕ ಮಕ್ಕಳಿದ್ರೆ ಲಸಿಕೆ ಕಾರ್ಡ್ ಒಮ್ಮೆ ತೆಗೆದು ನೋಡೋಕೆ ಹೇಳಿ. ಯಾರಾದ್ರೂ ಜಗಳಕ್ಕೆ ಬಂದ್ರೆ ನನ್ನನ್ನ ಆ ಗುಂಪಿಗೆ ಸೇರಿಸಿ, ನಾನೇ ಮಾತಾಡ್ತೀನಿ.

ಚೇತನ್: ನನ್ನನ್ನೂ ಸೇರಿಸಿ. ಕಾನೂನಿನ ಮಾತು ಅಲ್ಲೂ ಆಗಬೇಕು.